ಪ್ರೊಜೆಸ್ಟಿನ್ ಚಿಕಿತ್ಸೆಯನ್ನು ಕೊನೆಮುಟ್ಟಿಸುವುದು ಹೇಗೆ?

ಗರ್ಭಕೋಶದ ಒಳಪದರ ದಪ್ಪಗಾಗಿದೆ ಎಂದು ಆರು ತಿಂಗಳಿಗೆ ಪ್ರೊಜೆಸ್ಟಿನ್ (ಪ್ರೊಜೆಸ್ಟೆರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಔಷಧ) ಮಾತ್ರೆ ಬರೆಸಿಕೊಂಡು ಹೋದವರಲ್ಲಿ ಮೂರನೆಯ ವಾರಕ್ಕೇ ಅದನ್ನು ಕೈಬಿಟ್ಟವರನ್ನು ಕಾಣದ ಸ್ತ್ರೀರೋಗ ತಜ್ಞರು ಇರಲಾರರು. ಸ್ರಾವ ನಿಂತಿತಲ್ಲ, ಇನ್ನೇಕೆ ಮಾತ್ರೆ ಎಂಬುದು ಅವರ ಪ್ರಶ್ನೆ. ಮಾತ್ರೆ ಕೊಟ್ಟಿರುವುದು ಸ್ರಾವ ನಿಲ್ಲಿಸಲು ಮಾತ್ರವಲ್ಲ, ಸ್ರಾವಕ್ಕೆ ಕಾರಣವಾಗಿ ಅಂಕೆ ಮೀರಿ ಬೆಳೆದ ಪದರವನ್ನು ಸಹಜ ಸ್ಥಿತಿಗೆ ತರಲು. ಅದು ಬಂದಿದೆಯೇ ಎಂಬುದನ್ನು ಪದರದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯ ವರದಿಯಷ್ಟೇ ಹೇಳಬಲ್ಲದು.

ಈಸ್ಟ್ರೊಜನ್ ಹಾರ್ಮೋನು ಒಳಪದರವನ್ನು ಬೆಳೆಸುತ್ತದೆ. ಅಂಡೋತ್ಪತ್ತಿಯ ಬಳಿಕ ಬರುವ ಪ್ರೊಜೆಸ್ಟೆರಾನ್ ಆ ಬೆಳವಣಿಗೆಯನ್ನು ತಡೆದು, ತನ್ನ ಪ್ರಮಾಣ ಇಳಿದಾಗ ಪದರ ಕಳಚಿ ಹೋಗುವಂತೆ ಮಾಡುತ್ತದೆ. ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಇರುವವರಲ್ಲಿ ಮತ್ತು ಋತುಬಂಧ ಸಮೀಪಿಸಿದವರಲ್ಲಿ ಅಂಡೋತ್ಪತ್ತಿ ತಪ್ಪುವುದರಿಂದಲೂ, ಬೊಜ್ಜಿನ ಅಂಗಾಂಶವೇ ಈಸ್ಟ್ರೊಜನ್ ತಯಾರಿಸುವುದರಿಂದಲೂ ಈ ಸಮತೋಲನ ಕೆಡುತ್ತದೆ. ಋತುಬಂಧದ ನಂತರ ಬರಿಯ ಈಸ್ಟ್ರೊಜನ್ ಸೇವಿಸಿದ ಮಹಿಳೆಯರಲ್ಲಿ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆಂದು ಅಮೆರಿಕದ ಅಧ್ಯಯನಗಳು 1975ರಲ್ಲಿ ತೋರಿಸಿದ ಮೇಲೆ, ಗರ್ಭಕೋಶ ಇರುವವರಿಗೆ ಅದರ ಜೊತೆ ಪ್ರೊಜೆಸ್ಟಿನ್ ಸೇರಿಸುವುದು ನಿಯಮವೇ ಆಯಿತು.

ಮೊದಲ ಹೆಜ್ಜೆ ಬಯಾಪ್ಸಿ, ಮಾತ್ರೆಯಲ್ಲ. ಸ್ಕ್ಯಾನಿಂಗ್ ದಪ್ಪವನ್ನು ಅಳೆಯುತ್ತದೆ, ಜೀವಕೋಶದ ಸ್ವರೂಪವನ್ನು ಹೇಳುವುದಿಲ್ಲ. ವರದಿಯಲ್ಲಿ ‘ಏಟಿಪಿಯಾ’ (ಜೀವಕೋಶಗಳ ಅಸಹಜ ರೂಪ) ಇದೆಯೇ ಇಲ್ಲವೇ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಇಲ್ಲದಿದ್ದರೆ ದಪ್ಪಗಾದ ಪದರ ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರ್ ಆಗುವ ಸಾಧ್ಯತೆ ಶೇ 5ಕ್ಕಿಂತ ಕಡಿಮೆ. ಇದ್ದರೆ ವಿಷಯ ಬೇರೆ: 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಏಟಿಪಿಯಾ ಇದೆಯೆಂದು ಗರ್ಭಕೋಶ ತೆಗೆಸಿಕೊಂಡ 289 ಮಹಿಳೆಯರಲ್ಲಿ 123 ಮಂದಿಗೆ ಕ್ಯಾನ್ಸರ್ ಆಗಲೇ ಇತ್ತು. ಆದ್ದರಿಂದಲೇ ಅಂಥವರಿಗೆ ಶಸ್ತ್ರಚಿಕಿತ್ಸೆಯ ಸಲಹೆ. ಮಗು ಬೇಕೆನ್ನುವವರು ಎಂಆರ್‌ಐ ಮಾಡಿಸಿ, ಕ್ಯಾನ್ಸರ್ ತಜ್ಞರ ನಿಗಾದಲ್ಲಿ ಮಾತ್ರ ಹಾರ್ಮೋನಿನ ದಾರಿ ಹಿಡಿಯಬೇಕು.

ಇಲ್ಲೊಂದು ಅಡ್ಡಮಾತು. ಹಬ್ಬ, ಮದುವೆ, ಗೃಹಪ್ರವೇಶಕ್ಕೆಂದು ಮುಟ್ಟು ಮುಂದೂಡಲು ತಂದ ನೊರೆಥಿಸ್ಟೆರಾನ್ 5 ಮಿಲಿಗ್ರಾಂ ಮಾತ್ರೆಯ ಪಟ್ಟಿ ಅನೇಕ ಮನೆಗಳ ಕಪಾಟಿನಲ್ಲಿರುತ್ತದೆ. ಅದೂ ಪ್ರೊಜೆಸ್ಟಿನ್ನೇ. ನಲವತ್ತೈದು ದಾಟಿದವರು ಅತಿಸ್ರಾವಕ್ಕೆ ಅದನ್ನೇ ನುಂಗಿ ಸುಮ್ಮನಾದರೆ ಸ್ರಾವ ನಿಲ್ಲಬಹುದು, ರೋಗಪತ್ತೆಯೂ ಅಲ್ಲಿಗೇ ನಿಲ್ಲುತ್ತದೆ. ಆನ್‌ಲೈನಿನಲ್ಲಿ ಮಾರುವ ‘ನೈಸರ್ಗಿಕ’ ಪ್ರೊಜೆಸ್ಟೆರಾನ್ ಕ್ರೀಮುಗಳನ್ನಂತೂ ಕೊಳ್ಳಲೇಬೇಡಿ. ಚರ್ಮಕ್ಕೆ ಹಚ್ಚಿದ ಕ್ರೀಮು ಗರ್ಭಕೋಶದ ಪದರವನ್ನು ಕಾಯುತ್ತದೆಂದು ನಂಬುವಂತಿಲ್ಲ.

ಎರಡನೆಯದು ಆಯ್ಕೆ. ಲೆವೊನೊರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ ಸೂಸುವ 52 ಮಿಲಿಗ್ರಾಂ ವಂಕಿಯನ್ನು (ಪುಟ್ಟ ಸಾಧನ) ಗರ್ಭಕೋಶದೊಳಗೆ ಇರಿಸಿಕೊಳ್ಳುವುದೇ ನನ್ನ ಮೊದಲ ಸಲಹೆ, ಏಕೆಂದರೆ ಅದನ್ನು ಮರೆಯಲು ಬರುವುದಿಲ್ಲ. ನಾರ್ವೆಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರು ತಿಂಗಳ ಬಳಿಕ ವಂಕಿ ಹಾಕಿಸಿಕೊಂಡವರೆಲ್ಲರ ಪದರವೂ ಸಹಜವಾಗಿತ್ತು. ದಿನವೂ ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಎಂಬ ಪ್ರೊಜೆಸ್ಟಿನ್ ಮಾತ್ರೆ 10 ಮಿಲಿಗ್ರಾಂ ನುಂಗಿದವರಲ್ಲಿ ಶೇ 96, ತಿಂಗಳಿಗೆ ಹತ್ತೇ ದಿನ ನುಂಗಿದವರಲ್ಲಿ ಶೇ 69 ಮಾತ್ರ. ಮುಟ್ಟು ಕ್ರಮಕ್ಕೆ ತರಲು ಹತ್ತು ದಿನದ ಕ್ರಮ ಸರಿಯಿರಬಹುದು. ಬೆಳೆದ ಪದರವನ್ನು ಇಳಿಸಲು ಅದು ಸಾಲದು. ಚೀಟಿಯಲ್ಲಿ ಯಾವುದನ್ನು ಬರೆದಿದ್ದಾರೆಂದು ಔಷಧದಂಗಡಿಗೆ ಹೋಗುವ ಮೊದಲೇ ಕೇಳಿಕೊಳ್ಳಿ. ರಕ್ತ ಹೆಪ್ಪುಗಟ್ಟಿದ ಇತಿಹಾಸ, ಯಕೃತ್ತಿನ ಕಾಯಿಲೆ, ಸ್ತನ ಕ್ಯಾನ್ಸರ್ ಇದ್ದರೆ ಮುಚ್ಚಿಡಬೇಡಿ.

ಮೂರನೆಯ ಹೆಜ್ಜೆಯಲ್ಲಿಯೇ ಹೆಚ್ಚಿನವರು ಎಡವುವುದು. ದಿನವೂ ಮಾತ್ರೆ ನುಂಗುತ್ತಿರುವಾಗಲೂ ಮೊದಲ ಕೆಲವು ತಿಂಗಳು ಚುಕ್ಕೆ ಚುಕ್ಕೆಯಾಗಿ, ಕಂದು ಬಣ್ಣದಲ್ಲಿ ಸ್ರಾವ ಕಾಣುವುದುಂಟು; ವಂಕಿಯಲ್ಲಿಯೂ ಮೂರರಿಂದ ಆರು ತಿಂಗಳು ಹಾಗೆಯೇ. ಇದನ್ನು ಕಂಡು ‘ಔಷಧ ಹಿಡಿಯಲಿಲ್ಲ’ ಎಂದು ನಿಲ್ಲಿಸುವವರು ಒಂದು ಗುಂಪು, ಸ್ರಾವ ಪೂರ್ತಿ ನಿಂತಾಗ ‘ವಾಸಿಯಾಯಿತು’ ಎಂದು ನಿಲ್ಲಿಸುವವರು ಇನ್ನೊಂದು ಗುಂಪು. ಹೇಗೆ ನಿಲ್ಲಿಸಿದರೂ ಕೆಲವೇ ದಿನಗಳಲ್ಲಿ ಪದರ ಕಳಚಿ ಜೋರಾಗಿ ರಕ್ತ ಹೋಗುತ್ತದೆ. ಅದನ್ನು ರೋಗ ಮರುಕಳಿಸಿತೆಂದು ತಿಳಿದು ಗಾಬರಿಯಿಂದ ಮತ್ತೆ ಮಾತ್ರೆ ಶುರುಮಾಡಿ, ರಕ್ತ ನಿಂತೊಡನೆ ಮತ್ತೆ ಬಿಡುತ್ತಾರೆ. ಹೀಗೆ ಬಿಟ್ಟು ಬಿಟ್ಟು ನುಂಗಿದ ಆರು ತಿಂಗಳನ್ನು ಚಿಕಿತ್ಸೆಯ ಲೆಕ್ಕಕ್ಕೆ ಹಿಡಿಯಲಾಗದು. ರಾತ್ರಿ ಊಟವಾದ ಕೂಡಲೇ ನುಂಗಿ, ಪಟ್ಟಿಯ ಹಿಂಬದಿಯಲ್ಲಿ ಪ್ರತಿ ಗುಳಿಗೂ ಪೆನ್ನಿನಿಂದ ತಾರೀಖು ಬರೆದಿಡಿ. ಮೊಬೈಲಿನ ಅಲಾರಾಂಗಿಂತ ನನಗೆ ಇದರ ಮೇಲೆಯೇ ನಂಬಿಕೆ, ಏಕೆಂದರೆ ಅಲಾರಾಂ ಆರಿಸಿದ ಮೇಲೆ ನುಂಗಿದೆನೋ ಇಲ್ಲವೋ ಎಂಬ ಅನುಮಾನ ಉಳಿಯುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬೇಡಿ, ಎಂದಿನಂತೆ ಮುಂದುವರಿಸಿ. ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಮೂರ್ಛೆರೋಗಕ್ಕೆ ಫಿನೈಟಾಯಿನ್, ಕಾರ್ಬಮಾಜೆಪಿನ್ ಸೇವಿಸುತ್ತಿದ್ದರೆ ಹೇಳಿ. ಅವು ಪ್ರೊಜೆಸ್ಟಿನ್ ಮಾತ್ರೆಯ ಬಲ ಕುಗ್ಗಿಸುತ್ತವೆ. ಹೊಟ್ಟೆಯುಬ್ಬರ, ಸ್ತನ ನೋವು, ಮನಸ್ಸಿನ ಕಿರಿಕಿರಿಗಳನ್ನು ವೈದ್ಯರಿಗೆ ಹೇಳಿ ಮದ್ದು ಬದಲಿಸಿಕೊಳ್ಳಬಹುದು. ಒಂದೇ ಕಾಲು ಊದಿ ನೋಯುವುದು, ಹಠಾತ್ ಉಸಿರು ಕಟ್ಟುವುದು ಮಾತ್ರ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಧಾವಿಸಬೇಕಾದ ಲಕ್ಷಣಗಳು.

ನಾಲ್ಕನೆಯದು ಆರು ತಿಂಗಳಿಗೆ ಮರು ಬಯಾಪ್ಸಿ. ಏಟಿಪಿಯಾ ಇದ್ದವರಿಗೆ ಮೂರು ತಿಂಗಳಿಗೊಮ್ಮೆ. ವಂಕಿ ತೆಗೆಯದೆಯೇ ಸಣ್ಣ ಕೊಳವೆಯಿಂದ ಮಾದರಿ ತೆಗೆಯಬಹುದು. ಸ್ಕ್ಯಾನಿಂಗ್ ವರದಿ ಚೆನ್ನಾಗಿದೆಯೆಂದು ಇದನ್ನು ತಪ್ಪಿಸಿಕೊಳ್ಳಬೇಡಿ. ಮಾತ್ರೆಯಿಂದ ವಾಸಿಯಾದವರು ತಪಾಸಣೆ ಮುಗಿಯಿತೆನ್ನಲು ಆರಾರು ತಿಂಗಳ ಅಂತರದಲ್ಲಿ ಎರಡು ಬಾರಿ ಶುದ್ಧ ವರದಿ ಬರುವ ತನಕ ಕಾಯಬೇಕು. ಅದೇ ನಾರ್ವೆಯ ತಂಡ ಚಿಕಿತ್ಸೆ ನಿಲ್ಲಿಸಿದವರನ್ನು ಎರಡು ವರ್ಷ ಗಮನಿಸಿದಾಗ ಶೇ 41ರಷ್ಟು ಮಂದಿಯಲ್ಲಿ ಹೈಪರ್‌ಪ್ಲಾಸಿಯಾ, ಅಂದರೆ ಪದರದ ಅತಿ ಬೆಳವಣಿಗೆ, ಮರಳಿತ್ತು. ಆದ್ದರಿಂದ ತೂಕ ಇಳಿಸುವ ಪ್ರಯತ್ನ ಮಾತ್ರೆಯ ಮೊದಲ ದಿನದಿಂದಲೇ ನಡೆಯಲಿ, ವಂಕಿ ಒಗ್ಗಿದ್ದರೆ ಐದು ವರ್ಷದವರೆಗೂ ಒಳಗೇ ಇರಲಿ, ಮತ್ತು ಋತುಬಂಧವಾದ ಮೇಲೆ ಒಂದೇ ಹನಿ ರಕ್ತ ಕಂಡರೂ ಹಳೆಯ ಚೀಟಿ ಹಿಡಿದು ಔಷಧದಂಗಡಿಗೆ ಹೋಗದೆ ವೈದ್ಯರ ಬಳಿಗೇ ಹೋಗಿ.