ಹಿಂದೆ ತಿರುಗಿ ನೋಡುವ ಪಾಠ

ಫುಟ್‌ಬಾಲ್ ಕೋಚ್ ಆದ ಮೊದಲ ತಿಂಗಳಲ್ಲೇ ಹದಿಮೂರು ವರ್ಷದ ಹುಡುಗನೊಬ್ಬ ನನ್ನ ಬಾಯಿ ಕಟ್ಟಿಹಾಕಿದ. ಮಿಡ್‌ಫೀಲ್ಡರ್ ಆದವನು ಎದುರಾಳಿಗೆ ಬೆನ್ನು ಕೊಟ್ಟು ನಿಂತು ಪಾಸ್ ತೆಗೆದುಕೊಂಡು, ಮೊದಲ ಸ್ಪರ್ಶದಲ್ಲೇ ತಿರುಗಿ ಹೊರಡುವುದು ಹೇಗೆಂದು ನಾನು ಆಡಿ ತೋರಿಸುತ್ತಿದ್ದೆ. ಮಂಡಿ ನೋವಿದ್ದರೂ ಕಾಲು ಹಳೆಯ ಪಾಠ ಮರೆತಿರಲಿಲ್ಲ. ಹುಡುಗರು ಚಪ್ಪಾಳೆ ತಟ್ಟಿದರು. ಅವನೊಬ್ಬ ಮಾತ್ರ ಕೇಳಿದ: "ಹಿಂದೆ ಯಾರಿದ್ದಾರೆ ಎಂದು ನೀವು ಯಾವಾಗ ನೋಡಿದಿರಿ, ಸರ್?"

"ಚೆಂಡು ಬರುವ ಮುಂಚೆ."

"ಎಷ್ಟು ಮುಂಚೆ?"

ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಮಾಡಿದ ಕೆಲಸ. ಹೇಗೆ ಮಾಡುತ್ತಿದ್ದೆ ಎಂದು ಹೇಳಲು ಬರಲಿಲ್ಲ. "ಅಭ್ಯಾಸ ಮಾಡು, ತಾನೇ ಬರುತ್ತದೆ" ಎಂದು ಗದರಿ ಸೀಟಿ ಊದಿದೆ.

ನಾನು ಬೆಳೆದದ್ದು ಬೆಂಗಳೂರಿನ ಹಲಸೂರಿನ ಪಕ್ಕದ ಗೌತಮಪುರದಲ್ಲಿ. ಈಗ ಅಲ್ಲಿ ಪೆಲೆಯ ಪ್ರತಿಮೆ ಇದೆ, ವಿಶ್ವಕಪ್ ಬಂದರೆ ಬೀದಿಯೆಲ್ಲ ಬ್ರೆಜಿಲ್‌ನ ಹಳದಿ. ಮನೆಯಲ್ಲಿ ಒಂದು ಭಾಷೆ, ಮೈದಾನದಲ್ಲಿ ತಮಿಳು, ಕನ್ನಡ, ಉರ್ದು ಎಲ್ಲ ಕಲಸಿದ ಇನ್ನೊಂದು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಭಾರತ ತಂಡದಲ್ಲಿದ್ದ ಕೆಂಪಯ್ಯನವರ ಹೆಸರನ್ನು ಹಿರಿಯರು ನಿನ್ನೆ ಮೊನ್ನೆ ಕಂಡವರಂತೆ ಹೇಳುತ್ತಿದ್ದರು. ಆಸ್ಟಿನ್ ಟೌನ್‌ನ ಕಾರ್ಲ್‌ಟನ್ ಚಾಪ್ಮನ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದ ಮೇಲಂತೂ ನಮ್ಮ ಕಡೆಯ ಪ್ರತಿ ಹುಡುಗನೂ ಕೋಲ್ಕತ್ತದ ರೈಲಿನ ಕನಸು ಕಂಡ. ನಾನು ಆ ರೈಲು ಹತ್ತಿದೆ. ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಪಕ್ಕದಲ್ಲಿ ನಿಂತವನ ಕೂಗೂ ಕೇಳಿಸದಷ್ಟು ಜನರ ಮುಂದೆ ಆಡಿದೆ. ಭಾರತದ ಅಂಗಿ ತೊಟ್ಟದ್ದು 7 ಬಾರಿ, ಅದರಲ್ಲಿ ಪೂರ್ತಿ 90 ನಿಮಿಷ ಆಡಿದ್ದು 2 ಬಾರಿ. ಅದನ್ನು ಕೇಳಿದವರಿಗೆಲ್ಲ ಹೇಳುವುದಿಲ್ಲ. "ಅಂತರರಾಷ್ಟ್ರೀಯ ಆಟಗಾರ" ಎಂದು ಬ್ಯಾನರ್‌ನಲ್ಲಿ ಬರೆಯುವವರೂ ಲೆಕ್ಕ ಕೇಳುವುದಿಲ್ಲ.

ಆಟ ನಿಲ್ಲಿಸಿದ ವರ್ಷ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಬೇಕಾದಷ್ಟು ಬಂದವು. ಕ್ರೀಡಾ ಕೋಟಾದಲ್ಲಿ ಸಿಕ್ಕಿದ ಕಾರ್ಖಾನೆಯ ನೌಕರಿ ಇತ್ತು, ಸಂಬಳಕ್ಕೆ ತೊಂದರೆ ಇರಲಿಲ್ಲ. ಪರಿಚಯದ ಕ್ಲಬ್ಬಿನವರು ಹುಡುಗರನ್ನು ನೋಡಿಕೊಳ್ಳಿ ಎಂದಾಗ ಇದರಲ್ಲೇನಿದೆ ಎಂದುಕೊಂಡು ಒಪ್ಪಿದೆ. ಆಡಲು ಬಂದರೆ ಕಲಿಸಲು ಬಾರದೆ ಇರುತ್ತದೆಯೇ?

ಆ ಭ್ರಮೆ ಇಳಿದದ್ದು ಕೋಚ್‌ಗಳ ಡಿ ಲೈಸೆನ್ಸ್ ಕೋರ್ಸಿನಲ್ಲಿ. ಏಷ್ಯಾದ ಫುಟ್‌ಬಾಲ್ ಒಕ್ಕೂಟದ ಲೈಸೆನ್ಸ್‌ಗಳು ಡಿ, ಸಿ, ಬಿ, ಎ, ಪ್ರೊ ಎಂದು ಮೆಟ್ಟಿಲು ಮೆಟ್ಟಿಲಾಗಿವೆ; ದೇಶದ ಅಗ್ರ ಲೀಗ್ ಆದ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಮುಖ್ಯ ಕೋಚ್ ಆಗಬೇಕೆಂದರೆ ಪ್ರೊ ಬೇಕು. ನಾನು ಕೆಳಗಿನಿಂದ ಶುರು ಮಾಡಿದೆ. ನನ್ನ ಪಕ್ಕದಲ್ಲಿ ಕುಳಿತಿದ್ದವರು ದೈಹಿಕ ಶಿಕ್ಷಣದ ಒಬ್ಬ ಮೇಷ್ಟ್ರು. ಜಿಲ್ಲಾ ಮಟ್ಟಕ್ಕಿಂತ ಮೇಲೆ ಎಂದೂ ಆಡಿದವರಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅವರು ಕೋನ್‌ಗಳನ್ನು ಮೊದಲೇ ಹೆಜ್ಜೆ ಅಳೆದು ಇಟ್ಟುಕೊಂಡರು, ಆಟವನ್ನು ಎರಡೇ ಬಾರಿ ನಿಲ್ಲಿಸಿದರು, ಒಂದೊಂದು ಸಲವೂ ಒಂದೇ ವಿಷಯ ಹೇಳಿದರು. ನಾನು ಮಾಡಿದ್ದೇನೆಂದರೆ, ಹುಡುಗನಿಂದ ಪಾಸ್ ತಪ್ಪಿದ ಕೂಡಲೇ ಚೆಂಡು ಕಿತ್ತುಕೊಂಡು ನಾನೇ ಆಡಿದ್ದು. ಬೋಧಕರು ಕೊನೆಗೆ ಮೆಲ್ಲಗೆ ಹೇಳಿದರು: "ಇಪ್ಪತ್ತು ನಿಮಿಷದಲ್ಲಿ ಅತಿ ಹೆಚ್ಚು ಸಲ ಚೆಂಡು ಮುಟ್ಟಿದವರು ನೀವೇ." ಎಲ್ಲರೂ ನಕ್ಕರು. ನಾನೂ ನಕ್ಕೆ, ಕಿವಿ ಬಿಸಿಯಾಗಿತ್ತು. ಆ ಮೇಷ್ಟ್ರಿಗೆ ನನಗಿಂತ ಹೆಚ್ಚು ಅಂಕ ಬಂತು, ಬರಬೇಕಾದದ್ದೇ.

ಮನೆಗೆ ಬಂದು ಅಟ್ಟದಲ್ಲಿದ್ದ ಹಳೆಯ ಪಂದ್ಯದ ಕ್ಯಾಸೆಟ್ಟನ್ನು ಸಿ.ಡಿ.ಗೆ ಹಾಕಿಸಿದೆ. ಹೆಂಡತಿ ಹಳೆಯ ವೈಭವ ನೋಡುತ್ತಾ ಕುಳಿತಿದ್ದೇನೆಂದು ತಿಳಿದಳು. ನಾನು ನೋಡುತ್ತಿದ್ದುದು ನನ್ನ ಕುತ್ತಿಗೆಯನ್ನು. ಸಹ ಆಟಗಾರನಿಗೆ ಚೆಂಡು ಹೋಗುತ್ತಿರುವಾಗ ಒಮ್ಮೆ ಹಿಂದೆ ನೋಡುತ್ತಿದ್ದೆ. ಅವನು ಅದನ್ನು ಹತೋಟಿಗೆ ತಂದುಕೊಳ್ಳುತ್ತಿರುವಾಗ ಇನ್ನೊಮ್ಮೆ. ಚೆಂಡು ನನ್ನ ಕಡೆ ಹೊರಟ ಮೇಲೆ ಅಪರೂಪ. ಹುಡುಗನ ಪ್ರಶ್ನೆಗೆ ಉತ್ತರ ಅಲ್ಲಿತ್ತು: ಚೆಂಡು ಇನ್ನೊಬ್ಬನ ಬಳಿ ಇದ್ದಾಗಲೇ ನನ್ನ ಕೆಲಸ ಅರ್ಧ ಮುಗಿದಿರುತ್ತಿತ್ತು.

ಇದನ್ನು ಕಲಿಸಲು ಒಂದು ಅಭ್ಯಾಸ ಕಟ್ಟಿದೆ. ಹುಡುಗನ ಬೆನ್ನ ಹಿಂದೆ ನಾನು ಕೆಂಪು ಇಲ್ಲವೇ ಹಸಿರು ಬಿಬ್ (ಅಂಗಿಯ ಮೇಲೆ ತೊಡುವ ತೋಳಿಲ್ಲದ ಬಣ್ಣದ ಬಟ್ಟೆ) ಎತ್ತಿ ಹಿಡಿಯುವುದು. ಪಾಸ್ ಬರುವ ಮುಂಚೆ ಅವನು ತಿರುಗಿ ನೋಡಿ ಬಣ್ಣ ಕೂಗುವುದು. ಎರಡು ವಾರದಲ್ಲಿ ಒಬ್ಬರೂ ತಪ್ಪು ಹೇಳದಂತಾದರು. ಬೀಗಿಕೊಂಡು ಪಂದ್ಯಕ್ಕೆ ಕರೆದೊಯ್ದೆ. ಪಂದ್ಯದಲ್ಲಿ ಎಲ್ಲರೂ ಗೂಬೆಗಳ ಹಾಗೆ ಕತ್ತು ತಿರುಗಿಸಿದರು, ಆದರೆ ಎದುರಾಳಿಯ ಮೈಮೇಲೆಯೇ ಚೆಂಡು ತಿರುಗಿಸಿ ಕಳೆದುಕೊಂಡರು. ಅವರು ಕಲಿತದ್ದು ಬಣ್ಣ ಕೂಗುವುದನ್ನು. ಕಂಡದ್ದನ್ನು ಬಳಸಿ ಏನನ್ನೂ ತೀರ್ಮಾನಿಸುವ ಅಗತ್ಯ ಆ ಅಭ್ಯಾಸದಲ್ಲಿ ಇರಲೇ ಇಲ್ಲ.

ಬಿಬ್ ಬಿಟ್ಟೆ. ಸುಮಾರು 25 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗದಲ್ಲಿ ನಾಲ್ವರ ವಿರುದ್ಧ ನಾಲ್ವರನ್ನು ಬಿಟ್ಟು, ಎರಡೂ ತುದಿಗಳಲ್ಲಿ ಎರಡೆರಡು ಪುಟ್ಟ ಗೋಲುಗಳನ್ನು ಇಟ್ಟೆ. ಎದುರಾಳಿಗಳು ಒಂದು ಗೋಲಿನ ಮುಂದೆ ಗುಂಪುಗೂಡಿದರೆ ಇನ್ನೊಂದು ಖಾಲಿ. ಯಾವುದು ಖಾಲಿ ಎಂದು ಮೊದಲೇ ನೋಡದವನಿಗೆ ಗೋಲಿಲ್ಲ. ನಾನು ಬಾಯಿ ಬಿಡಬೇಕಾದ ಅಗತ್ಯವೇ ಬೀಳಲಿಲ್ಲ. ಕಷ್ಟವಾದದ್ದು ಅದೇ. ಕೈ ಕಟ್ಟಿಕೊಂಡು ನಿಲ್ಲುವ ಕೋಚ್‌ನನ್ನು ಕಂಡರೆ ಗೋಡೆಯ ಮೇಲೆ ಕುಳಿತ ತಂದೆಯರಿಗೆ ಸಂಬಳ ದಂಡ ಎನಿಸುತ್ತದೆ. ಒಬ್ಬರು ಕೇಳಿಯೇಬಿಟ್ಟರು: "ಏನು ಸರ್, ಸುಮ್ಮನೆ ಆಡಿಸುತ್ತಿದ್ದೀರಲ್ಲ, ಕೋಚಿಂಗ್ ಯಾವಾಗ?"

ತಂಡದಿಂದ ಒಬ್ಬನನ್ನು ಬಿಡುವ ವಿಷಯಕ್ಕೆ ಬಂದರೆ ನನಗೆ ಹೆಮ್ಮೆಪಡುವಂಥದ್ದು ಏನೂ ಇಲ್ಲ. ಆಡುವ ದಿನಗಳಲ್ಲಿ ನನ್ನನ್ನು ಕೈಬಿಟ್ಟ ಸುದ್ದಿ ಒಮ್ಮೆ ಕಿಟ್ ಹೊರುವ ಹುಡುಗನಿಂದ ನನಗೆ ತಿಳಿಯಿತು. ನಾನು ಎಂದಿಗೂ ಹೀಗೆ ಮಾಡಬಾರದು ಎಂದುಕೊಂಡಿದ್ದೆ. ಎರಡನೇ ಸೀಸನ್‌ನಲ್ಲಿ ಪಟ್ಟಿಯನ್ನು ಗೋಡೆಗೆ ಅಂಟಿಸಿ ಚಹಾ ಕುಡಿಯುವ ನೆಪದಲ್ಲಿ ಹೊರಗೆ ಹೋದೆ. ಹಿಂತಿರುಗಿದಾಗ ಆ ಹುಡುಗ ಶೂ ಲೇಸ್ ಬಿಚ್ಚುತ್ತಿದ್ದ. ಈಗ ಹಿಂದಿನ ಸಂಜೆಯೇ ಪಕ್ಕಕ್ಕೆ ಕರೆದು ಹೇಳುತ್ತೇನೆ. ಹಾಗೆ ಹೇಳಿದರೂ ಅಳುವವರು ಅಳುತ್ತಾರೆ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ ಅದೇ ಮೊದಲು. ಮರುದಿನ ಭಾನುವಾರ ಬೆಳಗ್ಗೆ ಅಭ್ಯಾಸಕ್ಕೆ ಹೊಸ ಮುಖಗಳು ಬಂದವು. ಇದ್ದದ್ದು 9 ಚೆಂಡು, ಅದರಲ್ಲಿ ಒಂದಕ್ಕೆ ಗಾಳಿ ನಿಲ್ಲುತ್ತಿರಲಿಲ್ಲ. ಏಪ್ರಿಲ್ ಬಿಸಿಲು ಬರುವ ಹೊತ್ತಿಗೆ ಅವರಲ್ಲಿ ಹೆಚ್ಚಿನವರು ಕ್ರಿಕೆಟ್‌ಗೆ ಹಿಂತಿರುಗಿದರು, ಇಬ್ಬರು ಉಳಿದರು. ಎರಡಾದರೂ ಸಿಕ್ಕವಲ್ಲ ಎಂದು ನನ್ನ ಸಹಾಯಕ ಅವರನ್ನೇ ಚೆಂಡುಗಳಂತೆ ಎಣಿಸಿದ.

ಆ ಪ್ರಶ್ನೆ ಕೇಳಿದ ಹುಡುಗ ಅಷ್ಟರಲ್ಲಿ ದೊಡ್ಡವರ ತಂಡಕ್ಕೆ ಬಂದಿದ್ದ. ಅವನು ಮೊದಲ ಬಾರಿ ಲೀಗ್ ಪಂದ್ಯ ಶುರುವಿನಿಂದ ಆಡಿದ್ದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. 2013-14ರಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ಸೀಸನ್ನಿನಲ್ಲೇ ಆಗಿನ ದೇಶದ ಅಗ್ರ ಲೀಗ್ ಆದ ಐ-ಲೀಗ್ ಗೆದ್ದಾಗ ಅದರ ತವರು ಮೈದಾನ ಅದೇ. ಕೃತಕ ಹುಲ್ಲು, ಮಧ್ಯಾಹ್ನದ ಪಂದ್ಯವಾದರೆ ಶೂವಿನ ಅಡಿಯಿಂದ ಕಾವು ಏರುತ್ತದೆ, ಮನೆಗೆ ಹೋಗಿ ಸಾಕ್ಸ್ ಕೊಡವಿದರೆ ಕಪ್ಪು ರಬ್ಬರ್ ಕಾಳುಗಳು ಉದುರುತ್ತವೆ. ಗ್ಯಾಲರಿಯಲ್ಲಿ ಐವತ್ತು ಜನ ಇದ್ದರೆ ಹೆಚ್ಚು.

ಅರ್ಧ ಗಂಟೆ ಕಳೆದಿರಬೇಕು. ನಮ್ಮ ಸ್ಟಾಪರ್, ಅಂದರೆ ಮಧ್ಯದ ರಕ್ಷಣಾ ಆಟಗಾರನ ಕಾಲಲ್ಲಿ ಚೆಂಡಿತ್ತು. ಹುಡುಗ ಮಧ್ಯದಲ್ಲಿ ಬೆನ್ನು ಕೊಟ್ಟು ನಿಂತಿದ್ದ. ಒಮ್ಮೆ ಹಿಂದೆ ನೋಡಿದ. ಇನ್ನೊಮ್ಮೆ ನೋಡಿದ. ಪಾಸ್ ಬಂತು. ಅವನ ಎಡಗಡೆ ಹತ್ತು ಗಜ ಖಾಲಿ ಇದ್ದದ್ದು ನನಗೆ ಬೆಂಚಿನಿಂದಲೇ ಕಾಣುತ್ತಿತ್ತು. ಇಷ್ಟು ವರ್ಷದ ಸಂಯಮ ಒಂದು ಕ್ಷಣದಲ್ಲಿ ಮುರಿದು "ತಿರುಗು, ತಿರುಗು!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅವನು ತಿರುಗಲಿಲ್ಲ. ಒಂದೇ ಸ್ಪರ್ಶದಲ್ಲಿ ಚೆಂಡನ್ನು ಸ್ಟಾಪರ್‌ಗೆ ಹಿಂತಿರುಗಿಸಿದ. ನಾನು ನೀರಿನ ಬಾಟಲಿಯನ್ನು ನೆಲಕ್ಕೆ ಕುಕ್ಕಿದೆ.

ವಿರಾಮದಲ್ಲಿ ನಾನು ಕೇಳುವ ಮೊದಲೇ ಅವನು ಹೇಳಿದ: "ಎರಡನೆಯವನು ಇದ್ದ, ಸರ್. ಮೊದಲನೆಯವನ ಮರೆಯಲ್ಲಿ. ನಿಮ್ಮ ಕಡೆಯಿಂದ ಕಾಣಿಸುವುದಿಲ್ಲ."

ಸಹಾಯಕನ ಮೊಬೈಲ್‌ನಲ್ಲಿ ಆ ದೃಶ್ಯ ಇತ್ತು. ಇಬ್ಬರೂ ಸೇರಿ ನೋಡಿದೆವು. ಎರಡನೆಯವನು ಇದ್ದ.