ಮೊದಲು ಶಾಕಪ್ಸರ್, ಆಮೇಲೆ ಸ್ಪ್ರಿಂಗ್: ಬಳ್ಳಾರಿ ರಸ್ತೆಗೆ ಪೋಲೊ ಜಿಟಿಯನ್ನು ಹೊಂದಿಸಿದ ಅನುಭವ

ಗಾಡಿ ತಗ್ಗಿಸಬೇಕು ಅಂದ ಕೂಡಲೇ ಎಲ್ಲರೂ ಕೈ ಹಾಕುವುದು ಸ್ಪ್ರಿಂಗಿಗೆ. ಶಾಕಪ್ಸರಿಗಿಂತ ಅಗ್ಗ, ಹಾಕಿದ ದಿನವೇ ಕಣ್ಣಿಗೆ ಕಾಣುತ್ತದೆ. ನನ್ನ ಪೆಟ್ರೋಲ್ ಕಾರು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐಗೆ ಸ್ಪ್ರಿಂಗ್, ಶಾಕಪ್ಸರ್ ಜೋಡಿ ಆರಿಸುವಾಗ ನಾನು ಈ ಕ್ರಮವನ್ನು ತಿರುಗಿಸಿದೆ: ರಸ್ತೆ ನೋಡಿ ಶಾಕಪ್ಸರ್, ಅದರ ರಾಡು ಎಷ್ಟು ಓಡಾಡುತ್ತದೆ ಎಂದು ನೋಡಿ ಸ್ಪ್ರಿಂಗ್.

ನಮ್ಮ ಕಡೆ ರಸ್ತೆ ಎರಡು ಥರ. ತೋರಣಗಲ್ಲು, ಸಂಡೂರು ಕಡೆ ಅದಿರಿನ ಲಾರಿಗಳು ಒತ್ತಿ ಒತ್ತಿ ಡಾಂಬರಿನಲ್ಲಿ ಜಾಡು ಬಿದ್ದಿರುತ್ತದೆ, ಅಂಚು ಒಡೆದಿರುತ್ತದೆ. ಅಲ್ಲಿ ಚಕ್ರಕ್ಕೆ ಬೀಳುವುದು ಚೂಪಾದ ಪೆಟ್ಟು. ಸಿರುಗುಪ್ಪ ಕಡೆ ಎರೆಮಣ್ಣು; ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಮೇಲಿನ ರಸ್ತೆಯನ್ನು ಅಲೆ ಅಲೆ ಮಾಡುತ್ತದೆ. ಅಲ್ಲಿ ಚಕ್ರಕ್ಕಿಂತ ಇಡೀ ಗಾಡಿಯ ಮೈ ಏರಿಳಿಯುತ್ತದೆ, ಅದನ್ನು ಹಿಡಿಯುವುದು ಶಾಕಪ್ಸರಿನ ರಿಬೌಂಡ್, ಅಂದರೆ ಒತ್ತಿದ ಸ್ಪ್ರಿಂಗ್ ಮತ್ತೆ ಚಾಚಿಕೊಳ್ಳುವಾಗ ಅದು ಕೊಡುವ ತಡೆ. ಆ ತಡೆ ಜಾಸ್ತಿ ಬಿಗಿಯಾದರೆ ಇನ್ನೊಂದು ತೊಂದರೆ: ಒಂದು ಅಲೆಯಿಂದ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನ ಅಲೆ ಬರುತ್ತದೆ, ಗಾಡಿ ಮೆಟ್ಟಿಲು ಇಳಿದ ಹಾಗೆ ಕುಸಿಯುತ್ತಾ ಹೋಗಿ ಕೊನೆಗೆ ಬಂಪ್ ಸ್ಟಾಪ್ (ಕೊನೆಯ ಪೆಟ್ಟು ತಡೆಯುವ ರಬ್ಬರ್ ತುಂಡು) ಮೇಲೆ ಕೂರುತ್ತದೆ. ಡ್ರೈವರಿಗೆ ಅದು ಸ್ಪ್ರಿಂಗ್ ಗಟ್ಟಿಯಾದ ಹಾಗೆ ಅನ್ನಿಸುತ್ತದೆ. ತಪ್ಪಿರುವುದು ಸ್ಪ್ರಿಂಗಿನಲ್ಲಲ್ಲ.

ಮೊದಲ ಅಳತೆ ರಾಡಿನದು. ಮುಂದಿನ ಸ್ಟ್ರಟ್ಟಿನ (ಸ್ಪ್ರಿಂಗ್, ಶಾಕಪ್ಸರ್ ಒಟ್ಟಿಗಿರುವ ಜೋಡಣೆ) ರಬ್ಬರ್ ಬೂಟನ್ನು ಮೇಲೆ ಸರಿಸಿ, ರಾಡಿಗೆ ಒಂದು ಸಣ್ಣ ಕೇಬಲ್ ಟೈ ಕಟ್ಟಿ ಶಾಕಪ್ಸರಿನ ಮೈವರೆಗೆ ಇಳಿಸಿಡಿ. ಡ್ರೈವರ್ ಕೂತು ಗಾಡಿ ನಿಂತಿರುವಾಗ ಶಾಕಪ್ಸರಿನ ತಲೆಗೂ ಬಂಪ್ ಸ್ಟಾಪಿಗೂ ನಡುವೆ ಎಷ್ಟು ಜಾಗವಿದೆ ನೋಡಿ. ನನ್ನ ಗಾಡಿಯಲ್ಲಿ 48 ಮಿ.ಮೀ. ಇತ್ತು. 30 ಮಿ.ಮೀ. ತಗ್ಗಿಸಿದರೆ ಉಳಿಯುವುದು 18. ನಮ್ಮ ಹಂಪ್‌ಗಳಿಗೆ ಅದು ಏನೇನೂ ಸಾಲದು. 20 ಮಿ.ಮೀ.ಗೆ ನಿಲ್ಲಿಸಿದೆ. ಒಂದು ವಾರ ಓಡಿಸಿ ಟೈ ಎಲ್ಲಿಯವರೆಗೆ ಜರುಗಿದೆ ಎಂದು ನೋಡಿದರೆ ಗಾಡಿ ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದು ಗೊತ್ತಾಗುತ್ತದೆ. ಬಾನೆಟ್ ಒತ್ತಿ ಕುಣಿಸಿ ನೋಡುವ ಪರೀಕ್ಷೆಯಿಂದ ಪೂರ್ತಿ ಕೆಟ್ಟ ಶಾಕಪ್ಸರ್ ಮಾತ್ರ ಸಿಕ್ಕಿಬೀಳುತ್ತದೆ, ಅರ್ಧ ಸತ್ತದ್ದು ಪಾಸಾಗಿಬಿಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಹೊರಗಿನಿಂದ ತರಿಸುವ ಸ್ಪ್ರಿಂಗಿನ ಡಬ್ಬಿ ಮೇಲೆ 30 ಮಿ.ಮೀ. ಎಂದಿದ್ದರೆ ಆ ಲೆಕ್ಕ ಯುರೋಪಿನ ಗಾಡಿಯ ಎತ್ತರದಿಂದ. ಇಲ್ಲಿಯ ಪೋಲೊ ನಮ್ಮ ರಸ್ತೆಗೆಂದು ಎತ್ತರಿಸಿದ್ದು, ಹಾಗಾಗಿ ಅದೇ ಸ್ಪ್ರಿಂಗಿಗೆ ಇಲ್ಲಿ ಇನ್ನೂ ಕೆಳಗೆ ಕೂರುತ್ತದೆ. ಜೊತೆಗೆ ಸ್ಪ್ರಿಂಗ್ ಸೆಟ್ಟುಗಳನ್ನು ಮುಂದಿನ ಆಕ್ಸಲ್ ತೂಕದ ಮಿತಿ ನೋಡಿ ವಿಂಗಡಿಸಿರುತ್ತಾರೆ. ಡೀಸೆಲ್ ಗಾಡಿಯ ಭಾರದ ಮೂತಿಗೆ ಮಾಡಿದ್ದನ್ನು ಪೆಟ್ರೋಲ್ ಗಾಡಿಗೆ ಹಾಕಿದರೆ ಮೂತಿ ಎತ್ತಿಕೊಂಡು ನಿಲ್ಲುತ್ತದೆ.

ಸ್ಪ್ರಿಂಗ್ ಎಷ್ಟು ಗಟ್ಟಿ ಎಂದು ತಿಳಿಯಲು ಯಂತ್ರವೇ ಬೇಕೆಂದಿಲ್ಲ, ವರ್ನಿಯರ್ ಸಾಕು. ತಂತಿಯ ದಪ್ಪದ ನಾಲ್ಕನೇ ಘಾತವನ್ನು 78,500ರಿಂದ (ತಿರುಚಿದಾಗ ಉಕ್ಕು ಎಷ್ಟು ತಡೆಯುತ್ತದೆ ಎಂಬ ಸಂಖ್ಯೆ) ಗುಣಿಸಿ. ಸುತ್ತಿನ ಸರಾಸರಿ ವ್ಯಾಸದ ಘನವನ್ನು ದುಡಿಯುವ ಸುತ್ತುಗಳಿಂದಲೂ (ತುದಿಯಲ್ಲಿ ಸೀಟಿಗೆ ಕೂತದ್ದನ್ನು ಬಿಟ್ಟು) 8ರಿಂದಲೂ ಗುಣಿಸಿ, ಅದರಿಂದ ಮೊದಲಿನದನ್ನು ಭಾಗಿಸಿ. ಅಳತೆ ಎಲ್ಲ ಮಿ.ಮೀ.ನಲ್ಲಿ. 12.5 ಮಿ.ಮೀ. ತಂತಿ, 135 ವ್ಯಾಸ, ನಾಲ್ಕೂವರೆ ಸುತ್ತು ಇದ್ದರೆ ಒಂದು ಮಿ.ಮೀ. ಒತ್ತಲು ಸುಮಾರು 21.6 ನ್ಯೂಟನ್ ಬೇಕು. ತಂತಿಯನ್ನು ಅರ್ಧ ಮಿ.ಮೀ. ದಪ್ಪ ಮಾಡಿದರೆ 25.3, ಅಂದರೆ ಶೇ. 17 ಗಟ್ಟಿ. ಅಳೆಯುವಾಗ ಪೇಂಟಿನ ದಪ್ಪ ಸೇರಿಸಿಕೊಂಡರೂ ಲೆಕ್ಕ ಕೆಡುತ್ತದೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಸ್ಪ್ರಿಂಗ್ ಕತ್ತರಿಸುವವರೂ ಇದನ್ನು ನೋಡಬೇಕು: ಒಂದು ಸುತ್ತು ತೆಗೆದರೆ 27.8 ಆಗುತ್ತದೆ, ಶೇ. 29ರಷ್ಟು ಏರಿಕೆ. ತಗ್ಗಿಸಲು ಕತ್ತರಿಸುತ್ತಾರೆ, ಗಡಸುತನ ತಾನಾಗಿ ಏರುತ್ತದೆ, ಶಾಕಪ್ಸರ್ ಮಾತ್ರ ಹಳೆಯದೇ.

ಸ್ಪ್ರಿಂಗ್ ಗಟ್ಟಿಯಾದ ಹಾಗೆ ಅದನ್ನು ತಡೆಯುವ ಬಲವೂ ಏರಬೇಕು, ಆದರೆ ವರ್ಗಮೂಲದ ಲೆಕ್ಕದಲ್ಲಿ. ಶೇ. 17 ಗಟ್ಟಿಯಾದರೆ ಶೇ. 8 ಹೆಚ್ಚು ಡ್ಯಾಂಪಿಂಗ್, ಶೇ. 29 ಆದರೆ ಶೇ. 13. ಕೇಳಲು ಕಡಿಮೆ. ಆದರೆ ಕಂಪನಿಯ ಶಾಕಪ್ಸರ್ ಮೆತ್ತಗಿನ ಓಟಕ್ಕೆಂದೇ ಹೊಂದಿಸಿದ್ದು, ಮೇಲಾಗಿ ಸವೆದಿರುತ್ತದೆ. ಹಂಪ್ ದಾಟಿದ ಮೇಲೆ ಗಾಡಿ ಎರಡು ಮೂರು ಸಲ ತೂಗಿದರೆ ಸ್ಪ್ರಿಂಗಿನ ಎದುರು ಶಾಕಪ್ಸರ್ ಸೋತಿದೆ ಎಂದೇ ಅರ್ಥ.

ಈಗ ಉದ್ದದ ವಿಷಯ, ಬಹಳ ಜನ ಎಡವುವುದು ಇಲ್ಲೇ. ಮುಂದಿನ ಒಂದು ಚಕ್ರದ ಮೇಲೆ 330 ಕಿಲೋ ಕೂತಿದೆ ಎಂದುಕೊಳ್ಳಿ. 21.6ರ ಹಳೆಯ ಸ್ಪ್ರಿಂಗ್ ಆ ಭಾರಕ್ಕೆ 150 ಮಿ.ಮೀ. ಒತ್ತುತ್ತದೆ, 25.3ರದ್ದು 128 ಮಾತ್ರ. ಅಂದರೆ 20 ಮಿ.ಮೀ. ತಗ್ಗಬೇಕಾದರೆ ಹೊಸ ಸ್ಪ್ರಿಂಗಿನ ಬಿಡಿ ಉದ್ದ 42 ಮಿ.ಮೀ. ಕಡಿಮೆ ಇರಬೇಕು. ಜಾಕಿ ಹಾಕಿ ಎತ್ತಿದಾಗ ಚಕ್ರ 85 ಮಿ.ಮೀ. ಇಳಿದರೆ ಹಳೆಯ ಸ್ಪ್ರಿಂಗಿನಲ್ಲಿ 65 ಮಿ.ಮೀ. ಒತ್ತು ಉಳಿದಿರುತ್ತದೆ, ಹೊಸದರಲ್ಲಿ 23. ಅದು ಸಾಕು. ಅದೇ ಸ್ಪ್ರಿಂಗನ್ನು 40 ಮಿ.ಮೀ. ತಗ್ಗುವಂತೆ ಮಾಡಿಸಿದರೆ ಉಳಿಯುವುದು ಬರೀ 3. ಸ್ವಲ್ಪ ಕೂತರೆ ಸಾಕು, ಗುಂಡಿಗೆ ಚಕ್ರ ಇಳಿದಾಗಲೆಲ್ಲ ಸ್ಪ್ರಿಂಗ್ ಸೀಟಿನಲ್ಲಿ ಸಡಿಲಾಗಿ 'ಟಣ್' ಅನ್ನುತ್ತದೆ. ಎತ್ತಿದ ಗಾಡಿಯಲ್ಲಿ ಸ್ಪ್ರಿಂಗನ್ನು ಕೈಯಿಂದ ತಿರುಗಿಸಲು ಬಂದರೆ ಆ ಜೋಡಿ ತಪ್ಪು. ಇಂಥ ತಗ್ಗಿಗೆ ರಾಡು ಗಿಡ್ಡವಿರುವ ಶಾಕಪ್ಸರೇ ಬೇಕು.

ಬಿಲ್‌ಸ್ಟೈನ್ ಕಂಪನಿಯ ಬಿ6 ಮತ್ತು ಬಿ8 ಶಾಕಪ್ಸರುಗಳ ನಡುವಿನ ಮುಖ್ಯ ವ್ಯತ್ಯಾಸ ಇದೇ: ಬಿ6 ಗಾಡಿಯ ಮೂಲ ಎತ್ತರದ ಸ್ಪ್ರಿಂಗಿಗೆ, ಬಿ8 ತಗ್ಗಿಸಿದ ಸ್ಪ್ರಿಂಗಿಗೆಂದು ಗಿಡ್ಡ ಮಾಡಿದ್ದು. ಬಿ12 ಎಂದು ಮಾರುವುದು ಬಿ8 ಜೊತೆ ಐಬಾಕ್ ಸ್ಪ್ರಿಂಗ್ ಸೇರಿಸಿದ ಸೆಟ್. ಲೆಕ್ಕ ಹಾಕುವ ತಾಳ್ಮೆ ಇಲ್ಲದವರಿಗೆ ಇಂಥ ಸೆಟ್ಟೇ ಕ್ಷೇಮ, ಹೊಂದಿಕೆಯ ಕೆಲಸ ಅವರೇ ಮಾಡಿರುತ್ತಾರೆ. ಕೋನಿ ಸ್ಪೋರ್ಟ್ ಶಾಕಪ್ಸರಿನಲ್ಲಿ ರಿಬೌಂಡ್ ತಿರುಗಿಸಿ ಹೊಂದಿಸಬಹುದು; ಪೂರ್ತಿ ಮೆತ್ತಗೆ ಇಟ್ಟು ಶುರುಮಾಡಿ, ಕಾಲು ಸುತ್ತಿನಂತೆ ಏರಿಸಿ, ಅಲೆಯ ರಸ್ತೆಯಲ್ಲಿ ಗಾಡಿ ಒಂದೇ ಸಲಕ್ಕೆ ನಿಂತ ಕೂಡಲೇ ಬಿಡಬೇಕು. ಮೇ ತಿಂಗಳ ಬಿಸಿಲಿಗೆ ನನ್ನ ಒಲವು ಮೊನೊಟ್ಯೂಬ್ (ಒಂದೇ ಕೊಳವೆಯ ಶಾಕಪ್ಸರ್) ಕಡೆಗೆ, ಎಣ್ಣೆಯ ಬಿಸಿ ನೇರ ಹೊರಗಿನ ಗೋಡೆಯಿಂದ ಗಾಳಿಗೆ ಹೋಗುತ್ತದೆ.

ಬಿಚ್ಚುವ ಮೊದಲು ನಾಲ್ಕೂ ಕಡೆ ಹಬ್ಬಿನ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ಸ್ಪ್ರಿಂಗ್ ಕಂಪ್ರೆಸರಿನ ಎರಡು ಕೊಕ್ಕೆ ಎದುರುಬದುರು ಇರಬೇಕು, ಸ್ಪ್ರಿಂಗ್ ಸೀಟು ಬಿಡುವವರೆಗೆ ಮೇಲಿನ ನಟ್ ಮುಟ್ಟಬಾರದು. ಒತ್ತಿಟ್ಟ ಸ್ಪ್ರಿಂಗ್ ಹಾರಿದರೆ ಜೀವಕ್ಕೇ ಅಪಾಯ. ಆ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಚ್ಚಿದರೆ ರಾಡು ಗಿರ್ರನೆ ತಿರುಗಿ ಒಳಗಿನ ಸೀಲ್ ಹಾಳಾಗುತ್ತದೆ. ರಾಡಿಗೆ ಅಲೆನ್ ಕೀ ಕೊಟ್ಟು ಕೈ ಪಾನಾದಿಂದಲೇ ಬಿಗಿಯಿರಿ. ಟ್ವಿನ್ ಟ್ಯೂಬ್ (ಕೊಳವೆಯೊಳಗೆ ಕೊಳವೆ ಇರುವ ಶಾಕಪ್ಸರ್) ಆದರೆ ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ ಗಾಳಿ ಬಿಡಿಸಬೇಕು. ಟಾಪ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ ಹೊಸದೇ ಇರಲಿ. ಬೂಟಿನಲ್ಲಿ ಉಳಿತಾಯ ಬೇಡವೇ ಬೇಡ: ಅದಿರಿನ ಕೆಂಪು ಧೂಳು ಉಪ್ಪುಕಾಗದ ಇದ್ದ ಹಾಗೆ, ಹರಿದ ಬೂಟಿನೊಳಗೆ ಹೊಕ್ಕು ರಾಡನ್ನು ಗೀರುತ್ತದೆ, ಆಮೇಲೆ ಎಣ್ಣೆ ಸೋರುತ್ತದೆ. ಸ್ಪ್ರಿಂಗಿನ ತುದಿ ಸೀಟಿನ ಮೆಟ್ಟಿಲಿಗೆ ತಾಗಿ ಕೂತಿದೆಯೇ ಎಂದು ಬೆರಳಿಟ್ಟು ನೋಡಿ.

ಹಿಂದೆ ಸುಲಭ, ಪೋಲೊದಲ್ಲಿ ಸ್ಪ್ರಿಂಗ್, ಶಾಕಪ್ಸರ್ ಬೇರೆ ಬೇರೆ ಇವೆ. ಆದರೆ ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಚಕ್ರ ತೂಗುತ್ತಿರುವಾಗ ಬಿಗಿಯಬೇಡಿ. ಗಾಡಿ ತನ್ನ ಭಾರದಲ್ಲಿ ನಿಂತ ಮೇಲೆ ಬಿಗಿಯಿರಿ, ಇಲ್ಲದಿದ್ದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಎತ್ತರದ ಅಳತೆಯೂ ಸುಳ್ಳಾಗುತ್ತದೆ. ಟಾರ್ಕ್ ಜೊತೆಗೆ ಕೋನವನ್ನೂ ಹೇಳಿರುವ ಬೋಲ್ಟು ಒಂದೇ ಸಲಕ್ಕೆ, ಹಳೆಯದನ್ನು ಎಸೆಯಿರಿ.

200 ಕಿ.ಮೀ. ಓಡಿ ಸ್ಪ್ರಿಂಗ್ ಕೂತ ಮೇಲೆ ಮತ್ತೆ ನಾಲ್ಕೂ ಕಡೆ ಅಳೆದು, ಆಮೇಲೆ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟ್ ಸರಿ ಮಾಡಿಸಿ. ಅದಕ್ಕೆ ಮೊದಲೇ ಅಲೈನ್‌ಮೆಂಟ್ ಮಾಡಿಸಿದರೆ ಎತ್ತರ ಇಳಿದ ಹಾಗೆ ಟೋ (ಚಕ್ರಗಳು ಒಳಗೆ ಅಥವಾ ಹೊರಗೆ ತಿರುಗಿರುವ ಕೋನ) ಬದಲಾಗಿ ಟೈರಿನ ಅಂಚು ತಿನ್ನುತ್ತದೆ.