ಹಬೆ ಪೆಟ್ಟಿಗೆಯಿಂದ ಗಾಳಿ ಹೊರಹಾಕಿದ ಬಗೆ

ಪೆಟ್ಟಿಗೆಯೊಳಗೆ ತಣ್ಣಗಿನ ತಾಮ್ರದ ಮೇಲೆ ಹಬೆ ನೀರಾಗುವಾಗ ಎಷ್ಟು ಶಾಖ ಸಾಗುತ್ತದೆ ಎಂದು ಅಳೆಯುವುದೇ ಕಂಡೆನ್ಸೇಶನ್ ಪ್ರಯೋಗ. ಇದಕ್ಕೆ ಕೈಹಾಕುವ ಹೊಸಬರು ನನ್ನನ್ನು ಹೆಚ್ಚಾಗಿ ಕೇಳುವುದು ತಾಮ್ರಕ್ಕೆ ಯಾವ ಲೇಪನ ಹಚ್ಚಬೇಕು ಅಂತ. ನಾನು ಮೊದಲು ಗಾಳಿಯ ವಿಷಯ ಹೇಳುತ್ತೇನೆ. ಹಬೆಯಲ್ಲಿ ಶೇಕಡಾ ಅರ್ಧದಷ್ಟು ಗಾಳಿ ಸೇರಿದರೂ ಶಾಖದ ಹರಿವು ಅರ್ಧಕ್ಕೆ ಬೀಳಬಹುದು. ಅಮೆರಿಕದ ರಾಸಾಯನಿಕ ಎಂಜಿನಿಯರ್ ಓತ್ಮರ್ ಇದನ್ನು 1929ರಲ್ಲೇ ಅಳೆದು ತೋರಿಸಿದ್ದಾರೆ. ತಣ್ಣಗಿನ ತಾಮ್ರದ ಕಡೆ ನುಗ್ಗುವ ಹಬೆ ಗಾಳಿಯನ್ನೂ ಎಳೆದುಕೊಂಡು ಬರುತ್ತದೆ. ಹಬೆ ನೀರಾಗಿ ಇಳಿದುಹೋಗುತ್ತದೆ. ಗಾಳಿ ಮಾತ್ರ ಬಸ್ಸಿನ ಬಾಗಿಲಲ್ಲೇ ನಿಂತುಬಿಡುವವರ ಹಾಗೆ ಅಲ್ಲೇ ಉಳಿದು, ಹಿಂದೆ ಬರುವ ಹಬೆಗೆ ಅಡ್ಡವಾಗುತ್ತದೆ.

ಅದಕ್ಕೇ ನಾನು ಒಣಗಿದ ಪೆಟ್ಟಿಗೆಗೆ ಮೊದಲು ವ್ಯಾಕ್ಯೂಮ್ ಪಂಪ್ ಹಾಕಿ, ವಾಲ್ವ್ ಮುಚ್ಚಿ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಗೇಜ್ ಏರಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಉಷ್ಣತೆ ಅಳೆಯುವ ಥರ್ಮೋಕಪಲ್ ತಂತಿ ಒಳಹೋಗುವ ಜಾಗ, ಗೀರು ಬಿದ್ದ ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಉಂಗುರ), ಇವೆರಡನ್ನೇ ಮೊದಲು ನೋಡುತ್ತೇನೆ. ನೀರನ್ನೂ ಬಹಳ ಹೊತ್ತು ಕುದಿಸಬೇಕು, ಕರಗಿರುವ ಗಾಳಿ ಅದರಲ್ಲೂ ಇರುತ್ತದೆ ಅಲ್ವಾ.

ಗಾಳಿ ಹೋಯಿತೋ ಇಲ್ಲವೋ ಅಂತ ತಿಳಿಯಲು ಸ್ಟೀಮ್ ಟೇಬಲ್, ಅಂದರೆ ಯಾವ ಉಷ್ಣತೆಗೆ ಹಬೆಯ ಒತ್ತಡ ಎಷ್ಟು ಎಂದು ಹೇಳುವ ಪಟ್ಟಿ, ಸಾಕು. 70 ಡಿಗ್ರಿಯ ಶುದ್ಧ ಹಬೆಯ ಒತ್ತಡ 31.2 ಕಿಲೋಪಾಸ್ಕಲ್. ಒಳಗೆ 70 ಡಿಗ್ರಿಯೇ ಇದ್ದು ಗೇಜ್ 33 ತೋರಿಸಿದರೆ, ಹೆಚ್ಚಿಗೆ ಇರುವುದು ಗಾಳಿಯ ಪಾಲು. ಎರಡೂ ತಾಳೆಯಾಗುವವರೆಗೆ ನಾನು ಒಂದು ರೀಡಿಂಗನ್ನೂ ಬರೆದುಕೊಳ್ಳುವುದಿಲ್ಲ. ಥರ್ಮೋಕಪಲ್‌ಗಳನ್ನು ಕುದಿಯುವ ನೀರಿನಲ್ಲಿ ಪರೀಕ್ಷಿಸುವಾಗ ಊರಿನ ಎತ್ತರವನ್ನೂ ಲೆಕ್ಕಕ್ಕೆ ತಗೊಳ್ಳಿ. ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ.

ಶಾಖದ ಹರಿವನ್ನು ಅಳೆಯುವುದು ತಾಮ್ರದ ದಿಮ್ಮಿಯಲ್ಲಿ ಕೊರೆದ ತೂತುಗಳಲ್ಲಿ ಕೂರಿಸಿದ ಥರ್ಮೋಕಪಲ್‌ಗಳಿಂದ. 10 ಮಿಲಿಮೀಟರ್ ದೂರಕ್ಕೆ 10 ಡಿಗ್ರಿ ಇಳಿದರೆ ಚದರ ಮೀಟರಿಗೆ ಸುಮಾರು 400 ಕಿಲೋವ್ಯಾಟ್ ಹರಿಯುತ್ತಿದೆ. ಆಗ ತೂತು ಅರ್ಧ ಮಿಲಿಮೀಟರ್ ಆಚೀಚೆಯಾದರೂ ಅರ್ಧ ಡಿಗ್ರಿ ತಪ್ಪುತ್ತದೆ. ಹನಿ ಹನಿಯಾಗಿ ನೀರು ಕಟ್ಟುವಾಗ ಹಬೆಗೂ ಮೇಲ್ಮೈಗೂ ಇರುವ ವ್ಯತ್ಯಾಸವೇ ಕೆಲವು ಡಿಗ್ರಿ. ಆದ್ದರಿಂದ ತೂತು ಕೊರೆಯುವ ಕೆಲಸವನ್ನು ನಾನು ಪಕ್ಕದಲ್ಲೇ ನಿಂತು ಮಾಡಿಸುತ್ತೇನೆ.

ಇಷ್ಟೆಲ್ಲ ಸರಿಯಾದ ಮೇಲೆ ಕಿಟಕಿಯಲ್ಲಿ ಕಾಣುವುದನ್ನು ಎಷ್ಟು ನೋಡಿದರೂ ಸಾಲದು. (ಕಿಟಕಿಯ ಗಾಜನ್ನೂ ಬಿಸಿಯಾಗಿಡಬೇಕು, ಇಲ್ಲದಿದ್ದರೆ ಅದೇ ಮಂಜಾಗುತ್ತದೆ.) ಬರಿಯ ತಾಮ್ರದ ಮೇಲೆ ನೀರು ತೆಳುವಾದ ಪದರವಾಗಿ ಹರಡಿಕೊಳ್ಳುತ್ತದೆ. ಅದರಲ್ಲಿ ಶಾಖ ಎಷ್ಟು ಸಾಗುತ್ತದೆ ಎಂಬ ಲೆಕ್ಕವನ್ನು ಜರ್ಮನ್ ಎಂಜಿನಿಯರ್ ನುಸೆಲ್ಟ್ 1916ರಲ್ಲೇ ಕೊಟ್ಟಿದ್ದಾರೆ. ನನ್ನ ಅಳತೆ ಅದಕ್ಕೆ ಹತ್ತಿರ ಬಂದರೆ ಮಾತ್ರ ಮುಂದಿನ ಹೆಜ್ಜೆ. ಥಯಾಲ್ (ತಾಮ್ರಕ್ಕೆ ಅಂಟಿಕೊಂಡು ನೀರು ಹರಡದಂತೆ ಮಾಡುವ ಗಂಧಕದ ಸಂಯುಕ್ತ) ಲೇಪಿಸಿದ ಮೇಲ್ಮೈಯಲ್ಲಿ ಸಣ್ಣ ಹನಿಗಳು ಪಕ್ಕದವನ್ನು ಸೇರಿಕೊಂಡು ದೊಡ್ಡದಾಗುತ್ತವೆ, ತೂಕ ತಾಳದೆ ಜಾರುತ್ತವೆ. ಜಾರಿದ ದಾರಿಯಲ್ಲಿ ಸಿಕ್ಕ ಹನಿಗಳೆಲ್ಲ ಒರೆಸಿಹೋಗಿ, ಆ ಪಟ್ಟಿಯಲ್ಲಿ ತಕ್ಷಣ ಹೊಸ ಹನಿಗಳು ಹುಟ್ಟುತ್ತವೆ. ಪದರಕ್ಕಿಂತ ಹತ್ತು ಪಟ್ಟಿನವರೆಗೂ ಜಾಸ್ತಿ ಶಾಖ ಸಾಗುವುದು ಇದರಿಂದಲೇ.

ಈ ಲೇಪನ ಹೆಚ್ಚು ಕಾಲ ಬಾಳುವುದಿಲ್ಲ. ಅಲ್ಲಲ್ಲಿ ನೀರು ಅಂಟಿಕೊಳ್ಳತೊಡಗುತ್ತದೆ, ಕ್ರಮೇಣ ಪದರ ಮರಳುತ್ತದೆ. ಹನಿ ಕಟ್ಟುವ ಈ ಬಗೆಯನ್ನು ಷ್ಮಿಟ್ ಮತ್ತು ಸಂಗಡಿಗರು 1930ರಲ್ಲೇ ವರದಿ ಮಾಡಿದ್ದರೂ ವಿದ್ಯುತ್ ಸ್ಥಾವರಗಳ ಕಂಡೆನ್ಸರ್‌ಗಳನ್ನು ಈಗಲೂ ಪದರದ ಲೆಕ್ಕದಲ್ಲೇ ಕಟ್ಟುವುದು ಈ ಕಾರಣಕ್ಕೇ. ನಾನೀಗ ಅಳೆಯುತ್ತಿರುವುದೂ ಲೇಪನದ ಆಯಸ್ಸನ್ನೇ.